ಕೂಡಿಸಿದ ಮಾತನ್ನು ಕಾಯುವದು

ಒಂದು ಭಾಷೆಗೆ ಹೊಸ ಮಾತನ್ನು ಕೂಡಿಸುವದು ಸುಲಭ. ಕೂಡಿಸಿದ್ದನ್ನು ಕಾಯ್ದುಕೊಂಡು ಹೋಗುವದೇ ಕಠಿಣ. ಹಾವೇರಿ ಸೀಮೆಯವರು ಇದರ ಅರ್ಥವನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಹಾವೇರಿ ತಾಲೂಕಿನ ಗಳಗನಾಥದಲ್ಲಿ ೧೮೬೯ರಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿಯವರು, ಎಂದರೆ ಗಳಗನಾಥರು, ಮರಾಠಿಯ ಹರಿ ನಾರಾಯಣ ಆಪಟೆಯವರ ಕೃತಿಗಳನ್ನು ಕನ್ನಡಕ್ಕೆ ತಂದು, ಪುಸ್ತಕದ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿ, ಜನರಲ್ಲಿ ಓದುವ ಹವ್ಯಾಸವನ್ನು ಬೆಳೆಯಿಸಿದರು. ಅವರ ಸಂಗಡ ಮನೆಮನೆಗೆ ಹೋದ ಶಬ್ದ 'ಕಾದಂಬರಿ'. ಮೂಲತಃ ಅದು ಬಾಣಭಟ್ಟನ ಒಂದು ಗ್ರಂಥದ, ಆ ಗ್ರಂಥದ ನಾಯಿಕೆಯ ಹೆಸರು. ಒಬ್ಬ ಕನ್ಯೆಯ ಹೆಸರು ಸಾಹಿತ್ಯದ ಒಂದು ಜಾತಿಗೇ ಹೆಸರಾದದ್ದು ತರ್ಕಕ್ಕೆ ಒಪ್ಪುವದಿಲ್ಲ. ಆದರೂ ಇಂದು ಅದನ್ನು ತಿದ್ದಹೊರಟವನು ಸಾವಿರಾರು ಪುಸ್ತಕಗಳ ಮುಖಪುಟಗಳನ್ನು ತಿದ್ದಬೇಕಾದೀತು. ಎಲ್ಲರೂ ಬಳಸಿದ ತಪ್ಪು ಎಲ್ಲರ ಆಸ್ತಿಯಾಗುತ್ತದೆ.

ಗಣಕಯಂತ್ರಗಳಿಗೂ ಭಾಷೆಗಳುಂಟು, ಅಲ್ಲಿಯೂ ಮಾತುಗಳನ್ನು ಕೂಡಿಸುವವರುಂಟು, ಕಾಯುವವರುಂಟು. ಜಪಾನ ದೇಶದ ಯುಕಿಹಿರೊ ಮಾತ್ಸುಮೊಟೊ ಅವರು ೧೯೯೫ರಲ್ಲಿ 'ರೂಬಿ' ಎಂಬ ಭಾಷೆಯನ್ನು ಲೋಕಕ್ಕೆ ಕೊಟ್ಟರು. ಅದರ ಬಾಗಿಲು ತೆರೆದಿದೆ: ಅಂಕಿ, ಅಕ್ಷರಪಂಕ್ತಿ, ಪಟ್ಟಿ ಮುಂತಾದ ಮೂಲವಸ್ತುಗಳಿಗೆ ಕೂಡ ಯಾರು ಬೇಕಾದರೂ ಹೊಸ ಕ್ರಿಯೆಗಳನ್ನು ಕಲಿಸಬಹುದು. ೨೦೦೪ರಲ್ಲಿ ಡೆನ್ಮಾರ್ಕದ ಡೇವಿಡ್ ಹೈನೆಮೈಯರ್ ಹಾನ್ಸನ್ ಅವರು ಈ ಭಾಷೆಯಲ್ಲಿ 'ರೇಲ್ಸ್' ಎಂಬ ಚೌಕಟ್ಟನ್ನು ಪ್ರಕಟಿಸಿದರು. ಜಾಲತಾಣವನ್ನು ಕಟ್ಟುವವನು ಪ್ರತಿಸಲವೂ ಬುನಾದಿಯಿಂದ ತೊಡಗದಂತೆ ಕಂಬತೊಲೆಗಳನ್ನು ಸಿದ್ಧಮಾಡಿ ಕೊಡುವದೇ ಚೌಕಟ್ಟಿನ ಕೆಲಸ. ಅದರ 'ಆ್ಯಕ್ಟಿವ್ ಸಪೋರ್ಟ್' ಎಂಬ ಭಾಗವು ರೂಬಿಗೆ ಅನೇಕ ಮಾತುಗಳನ್ನು ಕಲಿಸಿದೆ. ಬರಿಯ ರೂಬಿಯಲ್ಲಿ ಎರಡು ಎಂಬ ಅಂಕಿಗೆ ಕೂಡುವದು, ಕಳೆಯುವದು ಗೊತ್ತು. ರೇಲ್ಸಿನಲ್ಲಿ ಅದಕ್ಕೆ 'ಎರಡು ದಿನಗಳ ಹಿಂದೆ' ಎಂದರೆ ಯಾವ ವೇಳೆಯೆಂಬುದೂ ಗೊತ್ತು. ಬರಿಯ ರೂಬಿಗೆ ನಾಲ್ಕು ತೆರಪುಗಳಷ್ಟೇ ಇರುವ ಪಂಕ್ತಿಯೂ ಖಾಲಿಯಲ್ಲ. ರೇಲ್ಸಿನ ಮಾತು ಅದನ್ನು ಖಾಲಿಯೆಂದೇ ಎಣಿಸುತ್ತದೆ. ತಳದಲ್ಲಿ ಧೂಳು ಉಳಿದ ಚೀಲವನ್ನು ಬ್ಯಾಡಗಿಯ ಪೇಟೆಯಲ್ಲಿ ಯಾರೂ ಮೆಣಸಿನಕಾಯಿಯ ಚೀಲವೆಂದು ಮಾರಾಟಕ್ಕೆ ಇಡುವದಿಲ್ಲವಷ್ಟೆ.

ಸೌಕರ್ಯವಿದ್ದಲ್ಲಿ ಹೊಣೆಯೂ ಉಂಟು. ಮೂಲಕ್ಕೆ ಕೂಡಿಸಿದ ಮಾತು ಕೂಡಿಸಿದವನ ಕೋಣೆಯಲ್ಲಿ ನಿಲ್ಲದೆ ಮನೆಯಲ್ಲೆಲ್ಲ ಹರಡುತ್ತದೆ. ಒಂದು ಉದಾಹರಣೆಯನ್ನು ನೋಡಬಹುದು. ವಸ್ತುವಿನ ಹೆಸರನ್ನು ಇಂಗ್ಲಿಷ್ ಏಕವಚನದಲ್ಲಿ ಹೇಳಿದರೆ ಸಾಕು, ರೇಲ್ಸು ಅದರ ಬಹುವಚನವನ್ನು ತಾನೇ ಮಾಡಿಕೊಂಡು, ಆ ಹೆಸರಿನ ಕೋಷ್ಟಕದಲ್ಲಿ ಲೆಕ್ಕವನ್ನು ಇಡುತ್ತದೆ. ಕನ್ನಡದಲ್ಲಿ ಮರವು ಮರಗಳಾಗಿ, ಅರಸನು ಅರಸರಾಗಿ, ಅಣ್ಣನು ಅಣ್ಣಂದಿರಾಗುವಂತೆ ಇಂಗ್ಲಿಷಿನಲ್ಲಿಯೂ ಬಹುವಚನದ ದಾರಿಗಳು ಹಲವು. ಆದುದರಿಂದ ಯಂತ್ರವು ಮಾಡುವ ಬಹುವಚನಗಳಲ್ಲಿ ಕೆಲವು ತಪ್ಪಾಗಿವೆ. ಅವನ್ನು ತಿದ್ದಬಾರದೇಕೆ? ರಾಣೆಬೆನ್ನೂರಿನ ಬೀಜದ ವ್ಯಾಪಾರಿಯೊಬ್ಬನ ಹತ್ತು ವರ್ಷದ ಲೆಕ್ಕವು ಅಂಥದೊಂದು ತಪ್ಪು ಹೆಸರಿನ ಕೋಷ್ಟಕದಲ್ಲಿದೆಯೆಂದು ವಾಚಕರು ಭಾವಿಸಲಿ. ದೂರದೇಶದ ಪಂಡಿತನೊಬ್ಬನು ಸೂತ್ರವನ್ನು ಶುದ್ಧಗೊಳಿಸುತ್ತಾನೆ. ಆ ತಿದ್ದುಪಡಿ ಅಂಗಡಿಗೆ ಮುಟ್ಟಿದ ದಿನ ಯಂತ್ರವು ಶುದ್ಧ ಹೆಸರಿನ ಕೋಷ್ಟಕವನ್ನು ಹುಡುಕುತ್ತದೆ. ಅಂಥದು ಇಲ್ಲವೇ ಇಲ್ಲ. ಲೆಕ್ಕವು ಇದ್ದಲ್ಲಿಯೇ ಇದೆ, ಆದರೆ ಅಂಗಡಿಯವನ ಪಾಲಿಗೆ ಇಲ್ಲವಾಗಿದೆ. ಕಾರಣ ತಿಳಿಯದೆ ಅವನು ಗಿರಾಕಿಯ ಮುಂದೆ ತಲೆ ತಗ್ಗಿಸಬೇಕು. ಇದಕ್ಕಾಗಿಯೇ ರೇಲ್ಸಿನ ಪಾಲಕರು ಬಹುವಚನದ ಸೂತ್ರಗಳಿಗೆ ತಿದ್ದುಪಡಿಯನ್ನು ಸ್ವೀಕರಿಸುವದಿಲ್ಲವೆಂದು ಸಾರಿ, ಬೇಕಾದವರು ತಮ್ಮ ಮನೆಯ ಮಟ್ಟಿಗೆ ತಮ್ಮ ಸೂತ್ರವನ್ನು ಬರೆದುಕೊಳ್ಳಲು ಅನುವು ಮಾಡಿಕೊಟ್ಟಿದ್ದಾರೆ.

ಕನ್ನಡದ ಅಕ್ಷರಕ್ಕೂ ಇದೇ ನ್ಯಾಯ ದೊರಕಿದೆ. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಗೊತ್ತುಮಾಡುವ ಯುನಿಕೋಡಿನಲ್ಲಿ, ಹಳಗನ್ನಡ ಶಾಸನಗಳಲ್ಲಿ ಕಾಣುವ ೞ ಅಕ್ಷರಕ್ಕೆ ತಪ್ಪಾಗಿ 'ಫ' ಎಂಬ ಹೆಸರು ಬಿದ್ದಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಅಲ್ಲಿಯ ಕಟ್ಟಳೆ. ಆದಕಾರಣ ತಪ್ಪು ಹೆಸರನ್ನು ಇದ್ದಂತೆಯೇ ಇಟ್ಟು, ಸರಿಯಾದ ಹೆಸರನ್ನು ಅದರ ಪಕ್ಕದಲ್ಲಿ ದಾಖಲು ಮಾಡಿದರು.

ಹಾಗೆಂದು ತಪ್ಪೆಲ್ಲವೂ ಚಿರಂಜೀವಿಯಾಗಬೇಕೆಂದಿಲ್ಲ. ರೂಬಿಯಲ್ಲಿ ವಸ್ತುವು ತನ್ನನ್ನು ಅಕ್ಷರರೂಪಕ್ಕೆ ತಂದುಕೊಳ್ಳುವ ಒಂದು ಮೂಲಕ್ರಿಯೆ ಇದೆ. ಅದರ ಹೆಸರು 'ಟು ಎಸ್'. ದಿನಾಂಕ, ಅಂಕಿ ಮುಂತಾದವುಗಳಲ್ಲಿ ರೇಲ್ಸು ಈ ಕ್ರಿಯೆಯನ್ನೇ ಅಗಲಿಸಿ, 'ಇಂಥ ಮಾದರಿಯಲ್ಲಿ ಬರೆ' ಎಂದು ಹೇಳುವ ಅನುಕೂಲವನ್ನು ಸೇರಿಸಿತ್ತು. ೨೦೨೧ರ ಡಿಸೆಂಬರದಲ್ಲಿ ಬಂದ ರೂಬಿ ೩.೧, ವಸ್ತುಗಳನ್ನು ಬರಹದೊಳಗೆ ಹೊಂದಿಸುವ ಕೆಲಸವನ್ನು ತ್ವರೆಗೊಳಿಸುವ ಉಪಾಯವನ್ನು ತಂದಿತು. ಆದರೆ ಮೂಲಕ್ರಿಯೆಯನ್ನು ಮುಟ್ಟಿದ ಮನೆಯಲ್ಲಿ ಆ ಉಪಾಯ ನಡೆಯುವಂತಿರಲಿಲ್ಲ. ಉಪಕಾರಕ್ಕೆಂದು ಕಟ್ಟಿದ ಜಗಲಿಯೇ ಮನೆಯ ಬಾಗಿಲಿಗೆ ಅಡ್ಡವಾಯಿತು. ಪಾಲಕರು ಅದೇ ತಿಂಗಳಿನ ರೇಲ್ಸ್ ೭.೦ರಲ್ಲಿ ಆ ಅನುಕೂಲಕ್ಕೆ 'ಟು ಎಫ್‌ಎಸ್' ಎಂಬ ಬೇರೆ ಹೆಸರನ್ನು ಗೊತ್ತುಮಾಡಿ, ಹಳೆಯ ರೀತಿಯನ್ನು ಬಳಸುವವರಿಗೆ ಎಚ್ಚರಿಕೆ ಕೊಟ್ಟರು. ೨೦೨೩ರ ರೇಲ್ಸ್ ೭.೧ರಲ್ಲಿ ಹಳೆಯದನ್ನು ತೆಗೆದರು.

ಹದಿನಾರಾಣೆಯ ರೂಪಾಯಿಯು ೧೯೫೭ರ ಏಪ್ರಿಲ್ ೧ರಂದು ನೂರು ಪೈಸೆಯದಾದಾಗ ಸರಕಾರವು ಹಿಡಿದದ್ದೂ ಇದೇ ದಾರಿ. ಹೊಸ ನಾಣ್ಯವು 'ನಯಾ ಪೈಸೆ' ಎನ್ನಿಸಿಕೊಂಡು, ಹಳೆಯ ಆಣೆಗಳ ಜೊತೆಯಲ್ಲಿಯೇ ಕೆಲವು ಕಾಲ ಓಡಾಡಿತು. ಜನರಿಗೆ ರೂಢಿಯಾದ ಮೇಲೆ, ೧೯೬೪ರ ಜೂನ್ ೧ರಿಂದ, 'ನಯಾ' ಎಂಬ ವಿಶೇಷಣ ಉದುರಿಹೋಯಿತು. ಒಂದೇ ರಾತ್ರಿಯಲ್ಲಿ ಆಣೆಯನ್ನು ಅಳಿಸಿದ್ದರೆ ಹಾವೇರಿಯ ಸಂತೆಗೆ ಬಂದ ಮುದುಕಿಯ ಸೆರಗಿನ ಗಂಟು ಬರಿಯ ಲೋಹವಾಗುತ್ತಿತ್ತು.

ಇನ್ನು ಕೂಡಿಸಿದ ಮಾತಿಗೆ ಉತ್ತಮವಾದ ಗತಿ ಯಾವದು? ಮೂಲಭಾಷೆಯೇ ಅದನ್ನು ತನ್ನದಾಗಿ ಮಾಡಿಕೊಳ್ಳುವದು. ಪಟ್ಟಿಯ ಅಂಕಿಗಳನ್ನೆಲ್ಲ ಕೂಡಿ ಮೊತ್ತವನ್ನು ಹೇಳುವ ಕ್ರಿಯೆಯನ್ನು ರೇಲ್ಸು ಮೊದಲು ಒದಗಿಸಿತ್ತು. ೨೦೧೬ರಲ್ಲಿ ರೂಬಿ ೨.೪ ಅದನ್ನು ತನ್ನೊಳಗೆ ಸೇರಿಸಿಕೊಂಡಿತು. ಕೋಶದಲ್ಲಿ ಬೇಡವಾದವನ್ನು ಬಿಟ್ಟು ಉಳಿದವನ್ನು ಕೊಡುವ ಕ್ರಿಯೆ ೨೦೨೦ರಲ್ಲಿ ರೂಬಿ ೩.೦ರ ಪಾಲಾಯಿತು. ಆ ಬಳಿಕ ಪಾಲಕನಿಗೆ ಉಳಿಯುವ ಕೆಲಸ ತಾನು ಕಾಯ್ದದ್ದನ್ನು ತಾನೇ ಅಳಿಸುವದು. ಜಮಾ, ಬಾಕಿ, ವಸೂಲು ಎಂಬ ಶಬ್ದಗಳು ಕನ್ನಡಕ್ಕೆ ಹೊರಗಿನಿಂದ ಬಂದವು. ಇಂದು ಬ್ಯಾಡಗಿಯ ಅಡತಿಯವನು 'ಬಾಕಿ ವಸೂಲಾಯಿತು' ಎನ್ನುವಾಗ ಅವನ್ನು ತಂದವರ ನೆನಪು ಅವನಿಗಿಲ್ಲ. ಕನ್ನಡದ ಪ್ರತ್ಯಯಗಳು ಹುಟ್ಟಿನಿಂದಲೇ ಅವುಗಳಿಗೆ ಅಂಟಿದಂತೆ ಇವೆ. ತಂದವರನ್ನು ಜನರು ಮರೆತದ್ದೇ ಆ ಶಬ್ದಗಳ ಜಯ.

ಹೆಸರಿನ ಆಸೆಯುಳ್ಳವನಿಗೆ ಈ ಕೆಲಸ ಒಗ್ಗುವದಿಲ್ಲ. ಹೊಸದನ್ನು ಕೂಡಿಸಿದವನಿಗೆ ಚಪ್ಪಾಳೆ ದೊರೆತೀತು. ಹತ್ತು ವರ್ಷ ಯಾರ ಅಂಗಡಿಯೂ ನಿಲ್ಲದಂತೆ ನೋಡಿಕೊಂಡವನನ್ನು ಕೇಳುವವರಿಲ್ಲ, ಏಕೆಂದರೆ ಆಗದ ಅನಾಹುತವು ಯಾರ ಕಣ್ಣಿಗೂ ಬೀಳುವದಿಲ್ಲ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಮನೆಗಳಲ್ಲಿ ಈ ವಿದ್ಯೆಯನ್ನು ಕಲಿಯುವ ತರುಣ ತರುಣಿಯರು ಮೂಲಕ್ಕೆ ಒಂದು ಮಾತನ್ನು ಕೂಡಿಸುವ ಮೊದಲು, ಅದನ್ನು ನಾಳೆ ಕಾಯುವವರು ಯಾರೆಂದು ತಮ್ಮನ್ನು ತಾವೇ ಕೇಳಿಕೊಳ್ಳುವದು ಒಳ್ಳೆಯದು. ಅಷ್ಟು ಮಾಡಿದರೆ, ಅವರು ಎಂದೂ ಕಾಣದ ಯಾವದೋ ಊರಿನಲ್ಲಿ ಯಾವನೋ ವ್ಯಾಪಾರಿಯ ಲೆಕ್ಕವು ಬೆಳಗಾಗುತ್ತಲೇ ಅವನ ಕೈಗೆ ಸಿಕ್ಕೀತು.