ಒಂದಕ್ಕೆ ಹೋದನಾ?

ಸೋಮವಾರ, ಮಧ್ಯಾಹ್ನ. ಡೊಂಬಿವಲಿ ಪೂರ್ವ. ಮಕ್ಕಳ ವಾರ್ಡಿನ ಹೊರಗಿನ ಬೆಂಚು. ನಮ್ಮ ಚಾಳಿನಲ್ಲಿರುವ ವಿಜಯಪುರದ ಕಡೆಯವರ ಐದು ವರ್ಷದ ಹುಡುಗ ಒಳಗಿದ್ದಾನೆ. ಡೆಂಗ್ಯೂ. ಬೆಂಚಿನ ಮೇಲಿದ್ದವರು, ಫೋನ್ ಮಾಡುವವರು, ಎಲ್ಲರೂ ಕೇಳುವುದು ಒಂದೇ ಮಾತು: ಪ್ಲೇಟ್‌ಲೆಟ್ ಎಷ್ಟಾಯಿತು? ಸಿಸ್ಟರ್ ಮಾತ್ರ ಹೊರಗೆ ಬಂದು ತಾಯಿಯನ್ನು ಬೇರೇನೋ ಕೇಳಿದಳು: "ಶೂ ಕೇಲೀ ಕಾ?" ತಾಯಿಗೆ ಮರಾಠಿ ತಿಳಿಯದು. ಹುಡುಗ ಒಂದಕ್ಕೆ ಹೋದನಾ ಅಂತ ಕೇಳ್ತಿದ್ದಾರೆ ಎಂದೆ.

"ನಸುಕಿನ್ಯಾಗ ಒಮ್ಮೆ ಹೋಗಿದ್ದ್ರಿ. ಆಮ್ಯಾಲ ಹೋಗೇ ಇಲ್ರೀ ಅಕ್ಕಾರ."

ಗೋಡೆಯ ಗಡಿಯಾರದಲ್ಲಿ ಎರಡೂವರೆ. ಸಿಸ್ಟರ್ ಮಾತಾಡದೆ ಒಳಗೆ ಹೋಗಿ ಡಾಕ್ಟರನ್ನು ಕರೆತಂದಳು. ಪ್ಲೇಟ್‌ಲೆಟ್ ಕೇಳಿದಾಗ ಓಡದವಳು ಇದಕ್ಕೆ ಓಡಿದಳಲ್ಲ, ಯಾಕೆ?

ಅದೇ ದಿನ, ಸಂಜೆ. ಜ್ವರ ನಿನ್ನೆ ರಾತ್ರಿಯೇ ಬಿಟ್ಟಿತ್ತಂತೆ. "ಜ್ವರ ಇಳೀತು, ಇನ್ನ ಆರಾಮ ಆಕ್ಕಾನ" ಅಂತ ತಂದೆ ಬೆಳಿಗ್ಗೆ ಕೆಲಸಕ್ಕೂ ಹೋಗಿದ್ದ. ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ಹುಡುಗ ಕರೆದರೂ ಕಣ್ಣು ಬಿಡಲೊಲ್ಲ ಅಂದಾಗಲೇ ಆಸ್ಪತ್ರೆಗೆ ತಂದದ್ದು. ಡಾಕ್ಟರು ಹೇಳಿದರು: ಡೆಂಗ್ಯೂದಲ್ಲಿ ಅಪಾಯ ಶುರುವಾಗುವುದೇ ಜ್ವರ ಬಿಡುವ ಹೊತ್ತಿಗೆ, ಸಾಮಾನ್ಯವಾಗಿ ಮೂರರಿಂದ ಏಳನೇ ದಿನದೊಳಗೆ. ಆಗ ರಕ್ತನಾಳಗಳ ಗೋಡೆ ಸೋರುತ್ತದೆ. ರಕ್ತದೊಳಗಿನ ನೀರಿನಂಶ ಹೊಟ್ಟೆಗೆ, ಎದೆಗೆ ಇಳಿಯುತ್ತದೆ. ಉಳಿದ ರಕ್ತ ಗಟ್ಟಿಯಾಗುತ್ತದೆ, ಒತ್ತಡ ಕುಸಿಯುತ್ತದೆ. ಮೂತ್ರಪಿಂಡಕ್ಕೆ ಸಾಕಷ್ಟು ರಕ್ತ ತಲುಪುವುದಿಲ್ಲ. ಈ ಸೋರಿಕೆ ಒಂದೆರಡು ದಿನದ್ದು. ಆ ಒಂದೆರಡು ದಿನ ದಾಟಿಸಬೇಕು, ಅಷ್ಟೇ ಎಂದರು. ಆ "ಅಷ್ಟೇ" ಎಷ್ಟು ಭಾರದ್ದೆಂದು ನನಗೆ ಆಮೇಲೆ ತಿಳಿಯಿತು.

ರಾತ್ರಿ. ಹುಡುಗನ ತೂಕ 16 ಕಿಲೋ. ಕಿಲೋಗೆ ಗಂಟೆಗೆ ಅರ್ಧ ಮಿಲಿಲೀಟರ್ ಮೂತ್ರವಾದರೂ ಬರಬೇಕಂತೆ. ಲೆಕ್ಕ ಹಾಕಿದೆ: ಆರು ಗಂಟೆಗೆ 48 ಮಿಲಿ. ಸ್ಟೇಷನ್ ಹೊರಗಿನ ಕಟಿಂಗ್ ಚಹಾದ ಲೋಟವೂ ತುಂಬದಷ್ಟು. ಅಷ್ಟೂ ಬಂದಿರಲಿಲ್ಲ.

ಒಂದು ಕಾಗದದ ಮುಂದೆ ಬಹಳ ಹೊತ್ತು ಕೂತೆ. ಲ್ಯಾಬಿನ ವರದಿ. ಕ್ರಿಯಾಟಿನಿನ್ 0.8. ಪಕ್ಕದಲ್ಲಿ ಅಚ್ಚಾಗಿರುವ ಸಾಮಾನ್ಯ ಮಿತಿ 0.6ರಿಂದ 1.2. ಮಿತಿಯೊಳಗೇ ಇದೆ, ದಪ್ಪಕ್ಷರವಿಲ್ಲ, ಬಾಣದ ಗುರುತಿಲ್ಲ. ತಂದೆ ನನ್ನ ಕೈಗಿಟ್ಟು "ಕಿಡ್ನಿ ನಾರ್ಮಲ್ ಅದಾವಲ್ರೀ?" ಎಂದ. ನಾನೂ ಹೌದೆಂದೆ. ಆಮೇಲೆ ಡಾಕ್ಟರು ಶನಿವಾರದ ವರದಿ ತರಿಸಿ ಎರಡನ್ನೂ ಒಟ್ಟಿಗೆ ಹಿಡಿದರು. ಶನಿವಾರ 0.4 ಇತ್ತು. ಎರಡು ದಿನದಲ್ಲಿ ದುಪ್ಪಟ್ಟು. ಆ ಮಿತಿ ದೊಡ್ಡವರದ್ದು. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಿಂದ, ಸಣ್ಣ ಮೈಯಲ್ಲಿ ಅದು ಕಡಿಮೆಯೇ ಇರಬೇಕು. 48 ಗಂಟೆಯೊಳಗೆ 0.3 ಏರಿದರೂ ಮೂತ್ರಪಿಂಡಕ್ಕೆ ಪೆಟ್ಟಾಗಿದೆ ಎಂದೇ 2012ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಹಳೆಯ ವರದಿಯನ್ನು ಆ ತಾಯಿ ಅಕ್ಕಿ ಡಬ್ಬಿಯ ಕೆಳಗೆ ಜೋಪಾನವಾಗಿ ಇಟ್ಟಿರದಿದ್ದರೆ? ಈ ಯೋಚನೆ ರಾತ್ರಿಯಿಡೀ ಬಿಡಲಿಲ್ಲ.

ಮಂಗಳವಾರ. ಜ್ವರಕ್ಕೆ ಏನು ಕೊಟ್ಟಿದ್ದಿರಿ ಎಂದು ಡಾಕ್ಟರು ಕೇಳಿದರು. ಮನೆಯಲ್ಲಿದ್ದ ಸಿರಪ್, ಬೇಗ ಇಳಿಸುತ್ತದೆ ಅಂತ. ಬಾಟಲಿ ತಿರುಗಿಸಿ ಓದಿದೆ: ಐಬುಪ್ರೊಫೆನ್ ಬೆರೆತದ್ದು. ಅದೂ, ಮೆಫೆನಮಿಕ್ ಆಸಿಡ್, ಆಸ್ಪಿರಿನ್ ಕೂಡ ಡೆಂಗ್ಯೂದಲ್ಲಿ ಕೊಡಬಾರದು. ರಕ್ತಸ್ರಾವ ಹೆಚ್ಚಿಸಬಹುದು, ಬತ್ತುತ್ತಿರುವ ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಇನ್ನಷ್ಟು ಕಡಿಮೆ ಮಾಡಬಹುದು. ಪ್ಯಾರಾಸಿಟಮಾಲ್ ಮಾತ್ರ, ತೂಕ ನೋಡಿ. ಆ ತಾಯಿಯ ಮುಖ ನೋಡಲಾಗಲಿಲ್ಲ. ಅವಳ ತಪ್ಪಲ್ಲ. ಯಾರೂ ಅವಳಿಗೆ ಹೇಳಿರಲಿಲ್ಲ.

ಡೆಂಗ್ಯೂದಲ್ಲಿ ಮೂತ್ರಪಿಂಡ ಕೆಡಲು ರಕ್ತದೊತ್ತಡ ಕುಸಿಯುವುದೊಂದೇ ದಾರಿಯಲ್ಲ. ಸ್ನಾಯು ಒಡೆದು ಬಂದ ಕಸ, ಕೆಂಪು ರಕ್ತಕಣ ಒಡೆದದ್ದು, ವೈರಸ್‌ಗೆ ಅಂಟಿದ ಪ್ರತಿಕಾಯಗಳು ಸೋಸುವ ಜಾಲರಿಯಲ್ಲಿ ಸಿಕ್ಕಿಕೊಳ್ಳುವುದು, ಇವೂ ಇವೆ. ಆದರೂ ಮಕ್ಕಳಲ್ಲಿ ಮೂತ್ರಪಿಂಡ ಸೋಲುವುದು ಅಪರೂಪ. ಥಾಯ್ಲೆಂಡಿನ ವೈದ್ಯರು 2010ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ರಕ್ತಸ್ರಾವದ ಡೆಂಗ್ಯೂ ಬಂದ ಮಕ್ಕಳಲ್ಲಿ ಮೂತ್ರಪಿಂಡ ಸೋತವರು ನೂರಕ್ಕೊಬ್ಬರಿಗಿಂತ ಕಡಿಮೆ. ಆದರೆ ಸೋತವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಉಳಿಯಲಿಲ್ಲ. ಅಪರೂಪ ಎಂಬ ಮಾತಿನಿಂದ ಸಿಕ್ಕ ಸಮಾಧಾನ ಮುಂದಿನ ವಾಕ್ಯದಲ್ಲೇ ಹೋಯಿತು.

ಲೆಪ್ಟೊ, ಅಂದರೆ ಇಲಿ ಜ್ವರದ ಪರೀಕ್ಷೆಗೂ ಹುಡುಗನ ರಕ್ತ ಕಳಿಸಿದರು. ಕಲ್ಯಾಣದಿಂದ ಠಾಣೆಯವರೆಗೆ ಮಳೆಗಾಲದಲ್ಲಿ ಈ ಪರೀಕ್ಷೆ ಸಹಜ. 2005ರ ಜುಲೈ 26ರ ನೆರೆಯ ನಂತರ ಮುಂಬಯಿಯಲ್ಲಿ ಇಲಿ ಮೂತ್ರದಿಂದ ಬರುವ ಆ ಜ್ವರ ಎಷ್ಟು ಜನರನ್ನು ಮಲಗಿಸಿತೆಂದು ಇಲ್ಲಿಯವರು ಮರೆತಿಲ್ಲ. ಅದೂ ಮೂತ್ರಪಿಂಡಕ್ಕೇ ಹೋಗುತ್ತದೆ. ಆದರೆ ಅದಕ್ಕೆ ಆಂಟಿಬಯೊಟಿಕ್ ಇದೆ, ಡೆಂಗ್ಯೂಗೆ ಔಷಧವಿಲ್ಲ, ಕಾಯುವ ಜಾಣ್ಮೆ ಮಾತ್ರ.

ಸಂಜೆ ಡ್ರಿಪ್ ನಿಧಾನ ಮಾಡಿದರು. ನನಗೆ ಸಿಟ್ಟೇ ಬಂತು. ಮೂತ್ರ ಬರುತ್ತಿಲ್ಲ, ನೀರು ಕಡಿಮೆ ಮಾಡುವುದೇ? ಡಾಕ್ಟರು ಹುಡುಗನ ಉಬ್ಬಿದ ಹೊಟ್ಟೆ ತೋರಿಸಿದರು, ಉಸಿರಾಟ ಎಣಿಸಲು ಹೇಳಿದರು. ಹಾಕಿದ ನೀರೂ ಸೋರಿ ಹೊರಗೇ ನಿಲ್ಲುತ್ತದೆ. ಸೋರಿಕೆ ನಿಂತ ಮೇಲೆ ಅದೆಲ್ಲ ಒಮ್ಮೆಲೇ ರಕ್ತಕ್ಕೆ ಮರಳುತ್ತದೆ, ಆಗ ಮೂತ್ರ ಹೋಗದಿದ್ದರೆ ಶ್ವಾಸಕೋಶದಲ್ಲಿ ನೀರು. ಕಡಿಮೆಯಾದರೆ ಮೂತ್ರಪಿಂಡ ಒಣಗುತ್ತದೆ, ಹೆಚ್ಚಾದರೆ ಉಸಿರು ಕಟ್ಟುತ್ತದೆ. ಅದಕ್ಕೇ ಗಂಟೆ ಗಂಟೆಗೂ ಜಗ್ಗಿನಲ್ಲಿ ಅಳತೆ.

ಹುಡುಗನ ಸೋದರಮಾವ ಠಾಣೆಯಿಂದ ಮೂರು ಎಳನೀರು ಹೊತ್ತು ತಂದಿದ್ದ. ಡಾಕ್ಟರು ಈಗ ಬೇಡವೆಂದರು. ಮೂತ್ರ ಸರಿಯಿದ್ದಾಗ ಎಳನೀರು ಒಳ್ಳೆಯದೇ, ಮೂತ್ರ ನಿಂತಾಗ ಅದರೊಳಗಿನ ಪೊಟ್ಯಾಸಿಯಂ ಹೊರಹೋಗದೆ ಹೃದಯದ ಬಡಿತವನ್ನೇ ತಪ್ಪಿಸಬಹುದು. ಎಳನೀರು ಕೆಡುಕು ಮಾಡೀತೆಂದು ಕರಾವಳಿಯವಳಾದ ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಬೆಳಗಿನವರೆಗೆ ನೋಡುತ್ತೇವೆ, ಇಲ್ಲದಿದ್ದರೆ ಪರೇಲಿನ ವಾಡಿಯಾ ಮಕ್ಕಳ ಆಸ್ಪತ್ರೆಗೆ, ಡಯಾಲಿಸಿಸ್ ಬೇಕಾಗಬಹುದು ಎಂದರು. ಆಂಬುಲೆನ್ಸಿನ ನಂಬರು ಬರೆದುಕೊಂಡೆ.

ಬುಧವಾರ, ನಸುಕು 4.40. ನಲವತ್ತು ಮಿಲಿ. ಕಡು ಹಳದಿ. ಸಿಸ್ಟರ್ ಜಗ್ಗನ್ನು ಬೆಳಕಿಗೆ ಹಿಡಿದು ತಾಯಿಗೆ ತೋರಿಸಿದಳು, ಇಬ್ಬರೂ ಅತ್ತರು. ಏಳಕ್ಕೆ ತೊಂಬತ್ತು. ಮಧ್ಯಾಹ್ನದ ಹೊತ್ತಿಗೆ ಅವನೇ "ಯವ್ವಾ, ಒಂದಕ್ಕ" ಎಂದ. ಪ್ಲೇಟ್‌ಲೆಟ್ ಆಗಲೂ ಕೆಳಗೇ ಇತ್ತು, ಎಲ್ಲರೂ ಕೇಳುತ್ತಿದ್ದ ಆ ಸಂಖ್ಯೆ. ರಕ್ತಸ್ರಾವವಿಲ್ಲದೆ ಸ್ಥಿರವಾಗಿರುವ ಮಗುವಿಗೆ ಸಂಖ್ಯೆ ಕಡಿಮೆಯಾಯಿತೆಂದೇ ಸಾಮಾನ್ಯವಾಗಿ ಪ್ಲೇಟ್‌ಲೆಟ್ ಹಾಕುವುದಿಲ್ಲ. ಅದು ತಾನಾಗಿ ಏರಿತು.

ಶನಿವಾರ. ಕ್ರಿಯಾಟಿನಿನ್ 0.5. ಡಿಸ್ಚಾರ್ಜ್. ಚಾಳಿನಲ್ಲಿ ನೀರು ಬರುವುದು ಹೊತ್ತಿಗೊಮ್ಮೆ, ಹಾಗಾಗಿ ಮನೆಮನೆಗೂ ಡ್ರಮ್ಮು. ಸೊಳ್ಳೆ ಮೊಟ್ಟೆಯಿಡದಂತೆ ಎಲ್ಲಕ್ಕೂ ಮುಚ್ಚಳ ಹಾಕಿಸಿದ್ದೇವೆ, ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜುತ್ತೇವೆ.

ಡಿಸ್ಚಾರ್ಜ್ ಕಾರ್ಡಿನ ಕೊನೆಯಲ್ಲಿ ಸಣ್ಣಕ್ಷರದಲ್ಲಿದೆ: ಮೂರು ತಿಂಗಳಿಗೆ ರಕ್ತದೊತ್ತಡ, ಮೂತ್ರದಲ್ಲಿ ಪ್ರೋಟೀನ್, ಕ್ರಿಯಾಟಿನಿನ್. ಅವರ ಮನೆಯ ಕಾಲನಿರ್ಣಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಬಂದಿದ್ದೇನೆ.

ಇದನ್ನು ಓದುವ ತಾಯಂದಿರೇ, ಮನೆಯಲ್ಲಿ ಮಗುವಿಗೆ ಡೆಂಗ್ಯೂ ಇದ್ದರೆ ಅದು ಯಾವಾಗ, ಎಷ್ಟು ಒಂದಕ್ಕೆ ಹೋಯಿತೆಂದು ಬರೆದಿಡಿ. ಹಳೆಯ ವರದಿಗಳನ್ನು ಬಿಸಾಡಬೇಡಿ. ನಾಲ್ಕರಿಂದ ಆರು ಗಂಟೆ ಮೂತ್ರ ಹೋಗದಿದ್ದರೆ, ಜ್ವರ ಇಲ್ಲದಿದ್ದರೂ, ಆಗಲೇ ಆಸ್ಪತ್ರೆಗೆ ಹೊರಡಿ.