ಸೂಟಿಗೆ ಮುಂಬಯಿಯೇ?

ಬೇಸಗೆಯ ಸೂಟಿ ಸಮೀಪಿಸಿತೆಂದರೆ ಇಳಕಲ್ಲಿನ ನಮ್ಮ ಮನೆಯಲ್ಲಿ ಎಲ್ಲಿಗೆ ಹೋಗಬೇಕೆಂಬ ಚರ್ಚೆ ಹುಟ್ಟುವದು. ಚರ್ಚೆ ಮುಗಿಯುವ ಮೊದಲೇ ಸೂಟಿ ಮುಗಿಯುವದು. ಈ ಸಲ ಹಾಗಾಗಲಿಲ್ಲ. 76 ವರ್ಷದ ನಮ್ಮ ಅವ್ವ ಒಂದು ರಾತ್ರಿ ಊಟದ ಹೊತ್ತಿನಲ್ಲಿ, "ಮೊಣಕಾಲು ಇನ್ನೂ ಮಾತು ಕೇಳತಾವು, ಅಷ್ಟರಾಗ ಒಮ್ಮೆ ಮುಂಬಯಿ ಸಮುದ್ರ ತೋರಸಪಾ" ಎಂದಳು.

ತನಗಾಗಿ ಇಂಥದು ಬೇಕೆಂದು ಆಕೆ ಕೇಳಿದ್ದು ನಮಗೆ ನೆನಪಿಲ್ಲ. ಗೋಕರ್ಣವು ಹತ್ತಿರ, ದೇವರ ದರ್ಶನವೂ ಆಗುವದೆಂದು ನಮ್ಮ ಮನೆಯವರು ಸೂಚಿಸಿದರು. ಅವ್ವ ಒಪ್ಪಲಿಲ್ಲ. ಮದುವೆಯಾಗಿ ಬಂದಂದಿನಿಂದ ಮಗ್ಗದ ಬದಿಯಲ್ಲಿ ಕುಳಿತು ಕಂಡಿಕೆ ಸುತ್ತಿದವಳು ಆಕೆ. ಇಳಕಲ್ಲ ಸೀರೆಗೆ ಮಹಾರಾಷ್ಟ್ರದಲ್ಲಿ ಮೊದಲಿನಿಂದಲೂ ಗಿರಾಕಿಗಳು ಬಹಳ. ಅಲ್ಲಿ ಅದನ್ನು ಇರಕಲ್ ಎಂದೇ ಕರೆಯುವರು. "ನಮ್ಮ ಸೀರಿ ಎಲ್ಲಾ ಆ ಊರು ನೋಡ್ಯಾವು, ನಾ ಒಬ್ಬಾಕಿ ಉಳದೀನಿ" ಎಂದಳು. ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಮುಂಬಯಿ ನಮ್ಮ ಕಡೆಯವರಿಗೆ ತೀರ ಪರಸ್ಥಳವೂ ಅಲ್ಲ. 1956ರ ನವೆಂಬರ 1ರ ವರೆಗೆ ಬಾಗಲಕೋಟೆ, ಬಾದಾಮಿ, ಹುನಗುಂದಗಳು ಅಂದಿನ ವಿಜಾಪುರ ಜಿಲ್ಲೆಯೊಡನೆ ಮುಂಬಯಿ ರಾಜ್ಯಕ್ಕೇ ಸೇರಿದ್ದವು. ಈಗಲೂ ಬಾಗಲಕೋಟೆಯಲ್ಲಿ ಗಾಡಿ ಹತ್ತಿದರೆ ಸೋಲಾಪುರ, ಪುಣೆಗಳ ಮೇಲಿಂದ ಒಂದು ರಾತ್ರಿಯ ಪ್ರಯಾಣ. ಹೋಗುವದು ಕಠಿಣವಲ್ಲ, ಹೋಗಿ ಇರುವದೇ ವಿಚಾರಿಸತಕ್ಕ ಮಾತು.

ಮೊದಲನೆಯದು ಹವೆ. ನಮ್ಮ ಬಿಸಿಲು 40 ಅಂಶ ದಾಟಿದರೂ ಒಣ ಬಿಸಿಲು. ನೆರಳಿಗೆ ಬಂದು ಗಡಿಗೆಯ ನೀರು ಕುಡಿದರೆ ಜೀವ ತಂಪಾಗುವದು. ಮುಂಬಯಿಯ ಮೇ ತಿಂಗಳು ಲೆಕ್ಕದಲ್ಲಿ ಅದಕ್ಕಿಂತ ಐದಾರು ಅಂಶ ಕಡಿಮೆ. ಆದರೆ ಗಾಳಿಯಲ್ಲಿಯೇ ನೀರು ತುಂಬಿರುವದರಿಂದ ಮೈಯ ಬೆವರು ಆರುವದಿಲ್ಲ. ಕೆಲಸದ ನಿಮಿತ್ತ ಒಮ್ಮೆ ಆ ತಿಂಗಳಲ್ಲಿ ಎಂಟು ದಿವಸ ಅಲ್ಲಿದ್ದ ನಾವು ಅಂಗಿ ಹಿಂಡುವದರಲ್ಲಿಯೇ ಕಾಲ ಕಳೆದೆವು. ಜೂನದಿಂದ ಮಳೆ, ಅಕ್ಟೋಬರದಲ್ಲಿ ಮತ್ತೆ ಸೆಕೆ. ವೃದ್ಧರಿಗೆ ಸಹನೀಯವಾದದ್ದು ಡಿಸೆಂಬರ, ಜಾನೇವಾರಿಗಳೇ. ಆಗ ಮಕ್ಕಳಿಗೆ ಶಾಲೆ.

ಎರಡನೆಯದು ಬಿಡಾರ. ಡೊಂಬಿವಲಿಯಲ್ಲಿ ನಮ್ಮ ತಂಗಿಯ ಮನೆಯಿದೆ. ಒಂದು ಕೋಣೆ, ಒಂದು ಅಡಿಗೆಮನೆ. ಆಕೆಯ ಮನಸ್ಸು ಮಾತ್ರ ಹತ್ತಂಕಣದ್ದು. ಆದರೆ ಅಲ್ಲಿಂದ ಕೋಟೆಯ ಭಾಗಕ್ಕೆ ಸುಮಾರು 50 ಕಿಲೋಮೀಟರು. ಲೋಕಲ್ ಗಾಡಿಯು ನಿಲ್ದಾಣದಲ್ಲಿ ನಿಲ್ಲುವದು ಅರೆ ನಿಮಿಷ. ಅಷ್ಟರಲ್ಲಿ ಅವ್ವನನ್ನು ಹತ್ತಿಸುವದೋ ಇಳಿಸುವದೋ? ಸಮುದ್ರದ ಸಮೀಪದ ವಸತಿಗೃಹಗಳಲ್ಲಿಯ ನಾಲ್ಕು ದಿನದ ಬಾಡಿಗೆಯು ನಮ್ಮಲ್ಲಿ ತಿಂಗಳ ಕಿರಾಣಿಗೆ ಸಾಕಾಗುವಷ್ಟು. ತಂಗಿಗೆ ಸಿಟ್ಟು ಬರುವದು ಬೇರೆ.

ಮೂರನೆಯದು ನಮ್ಮ ಸ್ವಂತದ ಹುಚ್ಚು. ಹುನಗುಂದ ತಾಲೂಕಿನ ಐಹೊಳೆಯ ಮೇಗುತಿ ಗುಡಿಯಲ್ಲಿ ರವಿಕೀರ್ತಿಯು 634ರಲ್ಲಿ ಬರೆಯಿಸಿದ ಶಾಸನವಿದೆ. ಎರಡನೆಯ ಪುಲಿಕೇಶಿಯ ನೂರಾರು ಹಡಗುಗಳು ಪಶ್ಚಿಮ ಸಮುದ್ರದ ಲಕ್ಷ್ಮಿಯಂತಿದ್ದ ಪುರಿಯನ್ನು ಮುತ್ತಿದವೆಂದು ಅದರಲ್ಲಿ ಹೇಳಿದೆ. ಆ ಪುರಿಯು ಮುಂಬಯಿಯ ಘಾರಾಪುರಿಯೇ ಎಂದು ಕೆಲವರು ವಿದ್ವಾಂಸರು ವಾದಿಸುವರು, ಅಲ್ಲವೆನ್ನುವವರೂ ಉಂಟು. ಮಲಪ್ರಭೆಯ ದಂಡೆಯ ಅರಸನು ಕಡಲಿಗೆ ಹಡಗು ಇಳಿಸಿದ ಜಾಗವಾಗಿದ್ದರೆ ಅದನ್ನು ನೋಡದೆ ಬರುವದೆಂತು? ದೋಣಿಯಲ್ಲಿ ಒಂದು ತಾಸು, ಆಮೇಲೆ ನೂರಕ್ಕೆ ಮೀರಿದ ಮೆಟ್ಟಲು. ಈ ವಿಷಯವನ್ನು ನಾವು ಅವ್ವನೆದುರು ಬಹಳ ರಸವತ್ತಾಗಿ ಬಣ್ಣಿಸಿದೆವು. ಆಕೆ ಶಾಂತವಾಗಿ ಕೇಳಿ, "ಬಾದಾಮಿ ಮೇಣಬಸದಿ ಹತ್ತಲಾರದಾಕಿ, ಸಮುದ್ರ ದಾಟಿ ಹತ್ತತೀನೇನು?" ಎಂದಳು. ಘಾರಾಪುರಿಯನ್ನು ಪಟ್ಟಿಯಿಂದ ಹೊಡೆದುಹಾಕಿದೆವು. ಹೊಡೆಯುವಾಗ ಮನಸ್ಸು ಸ್ವಲ್ಪ ನೊಂದದ್ದು ನಿಜ.

ಆಮೇಲೆ ಪಟ್ಟಿಯು ತಾನಾಗಿ ಚಿಕ್ಕದಾಯಿತು. ವಸ್ತುಸಂಗ್ರಹಾಲಯ ಬೇಡ, ಪೇಟೆ ಬೇಡ. ಗಿರಗಾಂವ ಚೌಪಾಟಿಗೆ ಹತ್ತಿರದಲ್ಲಿ ಮೂರು ರಾತ್ರಿಯ ವಸತಿ; ಮುಂಜಾನೆ ಸಮುದ್ರ, ಮಧ್ಯಾಹ್ನ ನಿದ್ರೆ, ಸಂಜೆ ಸಮುದ್ರ. ಕಡೆಯ ದಿವಸ ತಂಗಿಯ ಮನೆಯಲ್ಲಿ ಊಟ, ಅಲ್ಲಿಗೆ ಸಮೀಪದ ಕಲ್ಯಾಣದಲ್ಲಿಯೇ ತಿರುಗಿ ಗಾಡಿ ಹತ್ತುವದು. ಒಂದು ತಿಂಗಳ ಸೂಟಿ ಕಳೆಯಲು ಆ ಊರು ನಮ್ಮಂಥವರಿಗೆ ಒಗ್ಗದು. ಮೂರು ದಿನಕ್ಕೆ ಒಗ್ಗಬಹುದು.

ಮಕ್ಕಳಿಗೆ ಇದನ್ನು ತಿಳಿಸುವದೇ ಕಷ್ಟವಾಯಿತು. ಜಾನೇವಾರಿಯಲ್ಲಿ ಹೋಗುವವರು ಅವ್ವ ಮತ್ತು ನಾವು ಮಾತ್ರ. ಅವರು ತಾಯಿಯೊಡನೆ ಮನೆಯಲ್ಲಿ. ಮಗಳು ಎರಡು ದಿನ ನಮ್ಮೊಡನೆ ಮಾತು ಬಿಟ್ಟಳು. ಮೂರನೆಯ ದಿನ ತಾನೇ ಬಂದು, ಅಜ್ಜಿಯು ಮೊದಲ ಸಲ ಸಮುದ್ರ ಕಂಡಾಗ ಏನಂದಳೆಂಬುದನ್ನು ಮರೆಯದೆ ಬರೆದುಕೊಂಡು ಬರಬೇಕೆಂದು ಅಪ್ಪಣೆ ಮಾಡಿದಳು.

ಪ್ರಯಾಣಕ್ಕೆ ಇನ್ನೂ ತಿಂಗಳುಗಳಿವೆ. ನಿನ್ನೆ ಅವ್ವ ಪೆಟ್ಟಿಗೆಯೊಳಗಿನ ಚಿಕ್ಕಿಪರಾಸ ದಡಿಯ ಸೀರೆಯನ್ನು ಹೊರತೆಗೆದು ಬಿಸಿಲಿಗೆ ಹಿಡಿದು ನೋಡುತ್ತಿದ್ದಳು. ಉಪ್ಪು ನೀರು ತಾಗಿದರೆ ಬಣ್ಣ ಹೋದೀತೇ ಎಂದು ನಮ್ಮನ್ನು ಕೇಳಿದಳು. ನೂಲಿನ ಬಣ್ಣದ ವಿಷಯದಲ್ಲಿ ಆಕೆ ನಮ್ಮನ್ನು ಕೇಳಿದ್ದು ಇದೇ ಮೊದಲು.