ಸಾಮಾನ್ಯ ಪ್ರೇಕ್ಷಕನ ತೀರ್ಪು

ಚಲಚ್ಚಿತ್ರಗಳ ಗುಣದೋಷಗಳನ್ನು ನಿರ್ಣಯಿಸುವವರು ಲೋಕದಲ್ಲಿ ಮೂರು ಬಗೆ. ಶಾಸ್ತ್ರವನ್ನು ಬಲ್ಲ ವಿಮರ್ಶಕರು ಮೊದಲನೆಯವರು. ಮೆಚ್ಚಿದ ನಟನ ಹೆಸರನ್ನು ಕೇಳಿದೊಡನೆ ರೋಮಾಂಚಗೊಳ್ಳುವ ಅಭಿಮಾನಿಗಳು ಎರಡನೆಯವರು. ಇವರಿಬ್ಬರ ನಡುವೆ, ಬಿಡುವಾದಾಗ ಹೋಗಿ ನೋಡಿ, ಮನೆಯ ದಾರಿಯಲ್ಲಿ ಎರಡು ಮಾತಾಡಿ ಸುಮ್ಮನಾಗುವ ಸಾಮಾನ್ಯ ಪ್ರೇಕ್ಷಕನೊಬ್ಬನುಂಟು. ಮೊದಲಿಬ್ಬರ ಅಭಿಪ್ರಾಯಗಳು ಅಚ್ಚಾಗುತ್ತವೆ. ಇವನದು ದಾರಿಯಲ್ಲಿಯೇ ಕರಗಿಹೋಗುತ್ತದೆ. ಆದರೂ ಚಿತ್ರವೊಂದು ಬಾಳುವುದೂ ಅಳಿಯುವುದೂ ಬಹುಮಟ್ಟಿಗೆ ಇವನ ಕೈಯಲ್ಲಿಯೇ ಇರುವುದೆಂಬುದರಲ್ಲಿ ಸಂಶಯವಿಲ್ಲ.

ಅಂತಹ ಗೃಹಸ್ಥನೊಬ್ಬನು ಜಿಲ್ಲೆಯ ಪಟ್ಟಣವೊಂದರ ಜವಳಿಯಂಗಡಿಯಲ್ಲಿ ಲೆಕ್ಕ ಬರೆಯುವವನು. ವಯಸ್ಸು ಅರವತ್ತು ದಾಟಿದೆ. ವರ್ಷಕ್ಕೆ ನಾಲ್ಕೈದು ಚಿತ್ರಗಳಿಗಿಂತ ಹೆಚ್ಚು ನೋಡಿದವನಲ್ಲ. ನೋಡಿ ಬಂದನೆಂದರೆ ಒಂದು ಲೋಟ ಕಾಫಿ ಮುಗಿಯುವುದರೊಳಗೆ ಮಗಳ ಮುಂದೆ ತೀರ್ಪು ಹೇಳಿಬಿಡಬೇಕು. ಇದು ಆತನ ಪದ್ಧತಿ. ದಿನವೆಲ್ಲ ಜಮಾಖರ್ಚು ಬರೆಯುವವನಿಗೆ ಬಾಕಿ ಉಳಿಸುವುದು ಸೇರದು.

ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಪ್ರಯೋಗದ ಸಿದ್ಧಿಯನ್ನು ಮಾನುಷಿ, ದೈವಿಕಿ ಎಂದು ಎರಡಾಗಿ ವಿಂಗಡಿಸಿರುವನು. ಪ್ರೇಕ್ಷಕರು ನಗುವುದು, ಭಲೆ ಎನ್ನುವುದು, ಅಯ್ಯೋ ಎಂದು ಮರುಗುವುದು, ಉಡುಗೆಯನ್ನೂ ಉಂಗುರವನ್ನೂ ರಂಗಕ್ಕೆ ಎಸೆಯುವುದು, ಇವೆಲ್ಲ ಮಾನುಷಿ ಸಿದ್ಧಿಯ ಲಕ್ಷಣಗಳು. ರಂಗವು ತುಂಬಿದ್ದೂ ಸದ್ದಿಲ್ಲದೆ, ಕ್ಷೋಭೆಯಿಲ್ಲದೆ ಇದ್ದರೆ ಅದು ದೈವಿಕಿ. ಲೆಕ್ಕದ ಗೃಹಸ್ಥನು ಈ ಗ್ರಂಥವನ್ನು ಕಂಡವನಲ್ಲ. ಆದರೆ ಆತನ ಅಳತೆಗೋಲು ಇದರಿಂದ ದೂರವಾದುದಲ್ಲ. "ಜನ ಎಲ್ಲಿ ಸುಮ್ಮನಾದರು, ಅದನ್ನು ನೋಡಬೇಕು" ಎಂದು ಆತನು ಹೇಳುವನು.

1995ರಲ್ಲಿ ಉಪೇಂದ್ರರು ನಿರ್ದೇಶಿಸಿದ 'ಓಂ' ಚಿತ್ರವು ಬಂದಿತು. ವೈದಿಕ ಮನೆತನದ ಮಗನೊಬ್ಬನು ರೌಡಿಯಾಗುವ ಕಥೆ. ಶಿವರಾಜಕುಮಾರರು ನಾಯಕರು, ಭೂಗತಲೋಕದಲ್ಲಿ ನಿಜವಾಗಿಯೂ ಹೆಸರಾಗಿದ್ದ ಕೆಲವರು ಅದರಲ್ಲಿ ಕಾಣಿಸಿಕೊಂಡರು. ಆ ಚಿತ್ರವು ಮೇಲಿಂದ ಮೇಲೆ ತೆರೆಗೆ ಮರಳಿ, ಪ್ರತಿಸಲವೂ ಹೊಸ ಹುಡುಗರನ್ನು ಕಂಡಿತು. ಆತನೂ ಎರಡು ಸಲ ನೋಡಿದನು. ಚಿತ್ರವು ಹೇಳುವುದು ಕತ್ತಿ ಹಿಡಿದವನ ಮನೆ ಹೇಗೆ ಹಾಳಾಗುವುದೆಂಬುದನ್ನು. ಆದರೆ ಹುಡುಗರು ಸಿಳ್ಳೆ ಹಾಕಿದುದು ಕತ್ತಿಗೆ. "ಕಥೆ ಒಂದು ಹೇಳಿತು, ಜನ ಬೇರೊಂದು ಕೇಳಿದರು. ತಪ್ಪು ಯಾರದೆಂದು ಹೇಳಲಾರೆ. ಚಿತ್ರ ಮಾತ್ರ ಗಟ್ಟಿ" ಎಂದು ಆತನು ಖಾತೆ ಮುಚ್ಚಿದನು.

2016ರಲ್ಲಿ ತೆರೆ ಕಂಡ 'ತಿಥಿ'ಯ ವಿಷಯದಲ್ಲಿ ಆತನಿಗೆ ನೆರೆಹೊರೆಯವರೊಡನೆ ಜಗಳವೇ ಆಯಿತು. ರಾಮ್ ರೆಡ್ಡಿಯವರ ಈ ಚಿತ್ರದಲ್ಲಿ ನಟಿಸಿದವರು ವೃತ್ತಿಯ ನಟರಲ್ಲ, ಮಂಡ್ಯದ ಕಡೆಯ ಹಳ್ಳಿಗರು. ನೂರೊಂದು ವರ್ಷದ ಮುದುಕನು ಸಾಯುತ್ತಾನೆ. ಹನ್ನೊಂದನೆಯ ದಿನದ ತಿಥಿಯೊಳಗೆ ಮೊಮ್ಮಗನಿಗೆ ಜಮೀನಿನ ಚಿಂತೆ, ಮರಿಮಗನಿಗೆ ಹುಡುಗಿಯ ಚಿಂತೆ. ಮಗನಾದ ಗಡ್ಡಪ್ಪನಿಗೆ ಯಾವ ಚಿಂತೆಯೂ ಇಲ್ಲ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಇದಕ್ಕೆ ಬಹುಮಾನ ಬಂದಿತ್ತು. "ಏನೂ ನಡೆಯುವುದೇ ಇಲ್ಲವಲ್ಲ" ಎಂದು ನೆರೆಯವರು ಆಕ್ಷೇಪಿಸಿದರು. "ಸಾವಿನ ಮನೆಯಲ್ಲಿ ಹನ್ನೊಂದು ದಿನ ಏನು ನಡೆಯುವುದೋ ಅದೇ ನಡೆದಿದೆ. ನಾವು ನಕ್ಕದ್ದು ಅವರನ್ನಲ್ಲ, ನಮ್ಮನ್ನೇ" ಎಂಬುದು ಆತನ ಉತ್ತರ.

2022ರ 'ಕಾಂತಾರ'ವನ್ನು ತುಂಬಿದ ಮಂದಿರದಲ್ಲಿ ಕಂಡನು. ರಿಷಭ್ ಶೆಟ್ಟರು ತಾವೇ ನಿರ್ದೇಶಿಸಿ ನಟಿಸಿದ ಚಿತ್ರ. ತುಳುನಾಡಿನ ಭೂತಾರಾಧನೆಯೂ ಕಾಡಿನ ಜನರ ನೆಲದ ಪ್ರಶ್ನೆಯೂ ಅದರ ವಸ್ತು. ಹೊಡೆದಾಟಕ್ಕೆ ಬೇಕಾದಷ್ಟು ಕೂಗೆದ್ದಿತು. ಆದರೆ ಕೊನೆಯಲ್ಲಿ ದೈವವು ಊರವರ ಕೈಗಳನ್ನೂ ಅರಣ್ಯಾಧಿಕಾರಿಯ ಕೈಯನ್ನೂ ಸೇರಿಸಿ ಎದೆಗೊತ್ತಿಕೊಂಡಾಗ, ಅದುವರೆಗೆ ಕಿರುಚುತ್ತಿದ್ದವರೇ ಉಸಿರು ಬಿಗಿಹಿಡಿದರು. ಆತನ ತೀರ್ಪು ಚಿಕ್ಕದು: "ನಡುವೆ ಹೊಡೆದಾಟ ಅರ್ಧ ಸಾಕಾಗಿತ್ತು. ಕೊನೆಗೆ ಸುಮ್ಮನಾದರಲ್ಲ, ಅದು ಲಾಭ."

ಹೀಗೆ ಎಲ್ಲಕ್ಕೂ ತೀರ್ಪು ಕೊಡುತ್ತಿದ್ದವನು ಒಂದು ಚಿತ್ರಕ್ಕೆ ಮಾತ್ರ ಕೊಡಲಿಲ್ಲ. ಅದು ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ'. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ 1977ರಲ್ಲಿ ತಯಾರಾದ ಈ ಕಪ್ಪುಬಿಳುಪಿನ ಚಿತ್ರವು ಆ ವರ್ಷದ ಸ್ವರ್ಣಕಮಲವನ್ನು ಪಡೆದಿತ್ತು. ಜೀರ್ಣೋದ್ಧಾರಗೊಂಡ ಅದರ ಪ್ರತಿಯನ್ನು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಆ ಸುದ್ದಿಯನ್ನೋದಿದ ಮಗಳು ಒಂದು ರಾತ್ರಿ ಮನೆಯಲ್ಲಿಯೇ ಹಳೆಯ ಪ್ರತಿಯೊಂದನ್ನು ಹಾಕಿ ತಂದೆಯನ್ನು ಕರೆದು ಕೂರಿಸಿದಳು.

ಮಲೆನಾಡಿನ ವೇದಪಾಠಶಾಲೆಗೆ ಬಂದ ನಾಣಿಯೆಂಬ ಬಾಲಕ. ಗುರುವಿನ ಮಗಳು ಯಮುನೆ, ವಿಧವೆ. ಆ ಹುಡುಗನಿಗೆ ಅಕ್ಕನಂತಿದ್ದವಳು. ಆಕೆ ಗರ್ಭಿಣಿಯಾದುದು ಊರಿಗೆ ತಿಳಿಯುತ್ತದೆ. ಬದುಕಿರುವವಳನ್ನೇ ಸತ್ತವಳೆಂದೆಣಿಸಿ ತಂದೆಯು ಘಟಶ್ರಾದ್ಧ ಮಾಡುತ್ತಾನೆ. ತಲೆ ಬೋಳಿಸಿಕೊಂಡ ಯಮುನೆಯು ಒಬ್ಬಳೇ ಉಳಿಯುತ್ತಾಳೆ. ಹುಡುಗನು ಊರು ಬಿಡುತ್ತಾನೆ.

ಚಿತ್ರ ಮುಗಿಯಿತು. ಕಾಫಿ ಬಂದಿತು, ಆರಿತು. "ಹೇಗಿತ್ತಪ್ಪ?" ಎಂದು ಮಗಳು ಕೇಳಿದಳು. ಬಹಳ ಹೊತ್ತಿನ ಮೇಲೆ ಆತನು ಹೇಳಿದನು: "ನಮ್ಮ ತಂದೆಯ ಅಕ್ಕ ಒಬ್ಬರಿದ್ದರು. ಕೆಂಪು ಸೀರೆ, ಬೋಳುತಲೆ. ನಾನು ಪರೀಕ್ಷೆಗೆ ಹೊರಡುವಾಗ ಎದುರಿಗೆ ಬರಬಾರದೆಂದು ತಾವೇ ಬಾಗಿಲ ಹಿಂದೆ ನಿಲ್ಲುತ್ತಿದ್ದರು. ಎಲ್ಲರೂ ಮಡಿಯತ್ತೆ ಎನ್ನುತ್ತಿದ್ದೆವು. ಅವರ ಹೆಸರು ನನಗೆ ಗೊತ್ತಿಲ್ಲ, ಮಗಳೆ."

ಆ ರಾತ್ರಿ ಮನೆಯಲ್ಲಿ ಮತ್ತೆ ಮಾತಿರಲಿಲ್ಲ.

ಮರುದಿನ ಆತನು ಅಂಗಡಿಗೆ ತಡವಾಗಿ ಹೋದನು. ಅಟ್ಟದ ಮೇಲಿದ್ದ ಹಳೆಯ ಕಾಗದಗಳ ಗಂಟನ್ನಿಳಿಸಿ, ಜಾತಕಗಳನ್ನೂ ಕ್ರಯಪತ್ರಗಳನ್ನೂ ಒಂದೊಂದಾಗಿ ಬಿಡಿಸಿ ನೋಡಿದನು. ತಳದಲ್ಲಿ, ಮಡಿಕೆಗಳಲ್ಲಿ ಹರಿದುಹೋಗಿದ್ದ ಲಗ್ನಪತ್ರಿಕೆಯೊಂದು ದೊರೆಯಿತು. ಅದರಲ್ಲಿ ಆಕೆಯ ಹೆಸರಿತ್ತು. ಸೇರಿದ ಮನೆಯ ಗೋತ್ರವೂ ಇತ್ತು.

ಮಹಾಲಯದ ತರ್ಪಣದಲ್ಲಿ ತಂದೆಯ ಸೋದರಿಯರಿಗೂ ಎಳ್ಳುನೀರು ಸಲ್ಲತಕ್ಕದ್ದುಂಟು. ಆತನು ಅಷ್ಟು ವರ್ಷವೂ ಆ ಸ್ಥಳ ಬಂದಾಗ, ಹೆಸರು ತಿಳಿಯದವರಿಗೆ ಹೇಳುವ ಕ್ರಮದಲ್ಲಿ ಹೇಳಿ ಮುಂದೆ ಸಾಗುತ್ತಿದ್ದನು. ಆ ವರ್ಷ ಪುರೋಹಿತರು ಎಂದಿನಂತೆ ಮುಂದುವರಿಯಹೋದಾಗ, ಆತನು ಕೈ ತಡೆದು, ಗೋತ್ರವನ್ನು ಹೇಳಿ, ಹೆಸರನ್ನು ಸ್ಪಷ್ಟವಾಗಿ ಉಚ್ಚರಿಸಿ ನೀರು ಬಿಟ್ಟನು.

ಚಿತ್ರ ಹೇಗಿತ್ತೆಂದು ಮಗಳು ಮತ್ತೆ ಕೇಳಲಿಲ್ಲ.